ನೆಲೆಗಾಗಿ ನಡೆದ ಹೋರಾಟ: ಮುಂಬಯಿಯ ವಲಸಿಗರ ವಸತಿಗಳು

ಅಕ್ಕಲಕೋಟೆ ಸೀಮೆಯವರಾದ ನಮಗೆ ಮುಂಬಯಿ ಪರಸ್ಥಳವಲ್ಲ. ಬೆಂಗಳೂರನ್ನು ಕಂಡಿರದ ಮನೆಗಳು ನಮ್ಮಲ್ಲಿ ಅನೇಕ. ಮುಂಬಯಿಯಲ್ಲಿ ಒಬ್ಬ ಕಾಕಾನೋ ಮಾಮಾನೋ ಇಲ್ಲದ ಮನೆ ಅಪರೂಪ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಅದರಲ್ಲೂ 1972ರ ಬರಗಾಲದಲ್ಲಿ, ಹೊಲ ಬೀಳುಬಿಟ್ಟು ರೈಲು ಹತ್ತಿದವರು ನಮ್ಮ ಶಾಲೆಯ ಬೆಂಚುಗಳ ಮೇಲೆಯೇ ಕುಳಿತು ಅಕ್ಷರ ಕಲಿತವರು. ಶತಮಾನದ ಇತಿಹಾಸವನ್ನು ಬರೆಯುವಾಗ ಊರಲ್ಲಿ ಉಳಿದವರ ಕಥೆಯನ್ನಷ್ಟೇ ಬರೆದರೆ ಅದು ಅರ್ಧ ಇತಿಹಾಸವಾದೀತು. ಹೋದವರು ಎಲ್ಲಿ ನೆಲೆನಿಂತರು, ಆ ನೆಲೆಯನ್ನು ಉಳಿಸಿಕೊಳ್ಳಲು ಅಲ್ಲಿಯ ವಲಸಿಗರು ಏನೇನು ಮಾಡಬೇಕಾಯಿತು ಎಂಬುದನ್ನೂ ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮುಂಬಯಿಯ ಜೋಪಡಿಗಳ ಹುಟ್ಟು ಬಹುಮಟ್ಟಿಗೆ ಒಂದೇ ರೀತಿಯದು. ನಗರಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಆ ಕೈಗಳಿಗೆ ಮನೆ ಕಟ್ಟಿಕೊಡುವ ಹೊಣೆಯನ್ನು ಯಾರೂ ಹೊರಲಿಲ್ಲ. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದ ಕಾಮರಾಜನಗರವನ್ನು ನೋಡಬಹುದು. 1960-61ರ ಸುಮಾರಿಗೆ ಆ ಹೆದ್ದಾರಿಯುದ್ದಕ್ಕೂ ನೀರಿನ ಕೊಳವೆಗಳನ್ನು ಹಾಕಲು ಬಂದ ಕೂಲಿಕಾರರೇ ಅದನ್ನು ಕಟ್ಟಿಕೊಂಡರು. ಯಾರಿಗೂ ಬೇಡವಾದ ಜವುಗು ನೆಲಕ್ಕೆ ಕಲ್ಲುಮಣ್ಣು ತುಂಬಿ ಬಡವರು ಗುಡಿಸಲು ಹಾಕಿದ ಜಾಗಗಳೂ ಎಷ್ಟೋ. ನಗರ ಬೆಳೆದು ಆ ನೆಲಕ್ಕೆ ಬೆಲೆ ಬಂದೊಡನೆ ಅದೇ ವಸತಿಗೆ ಅತಿಕ್ರಮಣವೆಂಬ ಹೆಸರು ಬಂದಿತು.

ಈ ಹೆಸರನ್ನು ಒಪ್ಪದವರಲ್ಲಿ ಮೊದಲಿಗೆ ನೆನೆಯಬೇಕಾದವರು ಜಾಕಿನ್ ಅರ್ಪುತಂ. ಅವರು ಕನ್ನಡನಾಡಿನ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ತಮಿಳು ಮನೆತನದಲ್ಲಿ ಹುಟ್ಟಿದವರು. 1963ರಲ್ಲಿ, ಹದಿಹರೆಯದಲ್ಲಿಯೇ, ಮುಂಬಯಿಗೆ ಬಂದು ಬಡಗಿಯ ಕೆಲಸ ಮಾಡುತ್ತ ಟ್ರಾಂಬೆಯ ಬಳಿಯ ಜನತಾ ಕಾಲೊನಿಯಲ್ಲಿ ನೆಲೆಸಿದರು. ಅಲ್ಲಿಯ ಕಸವನ್ನು ನಗರಸಭೆಯವರು ಎತ್ತದೆ ಬಿಟ್ಟಾಗ ಅವರು ಮಕ್ಕಳನ್ನು ಕೂಡಿಸಿ, ತಲೆಗೊಂದು ಪೊಟ್ಟಣದಂತೆ ಕಸ ಹೊರಿಸಿ, ನಗರಸಭೆಯ ಕಚೇರಿಯ ಮುಂದೆ ಸುರಿಸಿದರು. ಅರ್ಜಿಗಳಿಂದ ಆಗದ ಕೆಲಸ ಆ ಪೊಟ್ಟಣಗಳಿಂದ ಆಯಿತು.

ಜನತಾ ಕಾಲೊನಿಯ ನೆಲವು ಭಾಭಾ ಅಣು ಸಂಶೋಧನ ಕೇಂದ್ರಕ್ಕೆ ಬೇಕಾದಾಗ ಸುಮಾರು 70,000 ಜನರ ಬದುಕು ತೂಗುಯ್ಯಾಲೆಗೆ ಬಿದ್ದಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, ಮೆರವಣಿಗೆ ತೆಗೆದರು, ದಿಲ್ಲಿಯವರೆಗೂ ಹೋಗಿ ಸಂಸತ್ತಿನ ಎದುರು ಕುಳಿತರು. ಆದರೆ ತುರ್ತುಪರಿಸ್ಥಿತಿಯಲ್ಲಿ ಮಾತಿಗೆ ಬೆಲೆಯಿರಲಿಲ್ಲ. 1976ರಲ್ಲಿ ಪೊಲೀಸರ ಕಾವಲಿನಲ್ಲಿ ಕಾಲೊನಿಯನ್ನು ನೆಲಸಮ ಮಾಡಿ, ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಹೋರಾಟ ಸೋತಿತು, ಆದರೂ ಬದಲಿ ಜಾಗ ಸಿಕ್ಕಿತೆಂಬುದನ್ನು ಮರೆಯಬಾರದು. ಇದೇ ದಶಕದಲ್ಲಿ ಹುಟ್ಟಿದ ರಾಷ್ಟ್ರೀಯ ಜೋಪಡಿವಾಸಿಗಳ ಒಕ್ಕೂಟಕ್ಕೆ ಈ ಸೋಲಿನ ಪಾಠಗಳೇ ತಳಹದಿಯಾದವು.

1981ರ ಜುಲೈ ತಿಂಗಳು, ಮಳೆಗಾಲ. ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಪಾದಚಾರಿ ಮಾರ್ಗಗಳ ಮೇಲಿನ ಗುಡಿಸಲುಗಳನ್ನು ಕಿತ್ತು, ನಿವಾಸಿಗಳನ್ನು ಅವರವರ ಮೂಲ ಊರುಗಳಿಗೆ ಕಳಿಸಬೇಕೆಂದು ಸಾರಿದರು. ಸೇಲಂ ಜಿಲ್ಲೆಯಿಂದ 1961ರಲ್ಲಿ ಬಂದಿದ್ದ ಒಬ್ಬ ಭೂಹೀನ ಕೂಲಿಕಾರನ ಗುಡಿಸಲನ್ನು ಜುಲೈ 23ರಂದು ಕೆಡವಿ, ಹೆಂಡತಿ ಮಕ್ಕಳೊಡನೆ ಅವನನ್ನು ಸೇಲಂ ಬಸ್ಸಿಗೆ ಹತ್ತಿಸಿದರು. ಅಲ್ಲಿ ಕೆಲಸವಿಲ್ಲದೆ ಅವನು ಒಬ್ಬನೇ ಮರಳಿ ಬಂದ. ದಿನಕ್ಕೆ 23 ರೂಪಾಯಿ ಕೂಲಿ ಇದ್ದದ್ದು ಮುಂಬಯಿಯಲ್ಲಿಯೇ ಹೊರತು ಹುಟ್ಟಿದೂರಿನಲ್ಲಿ ಅಲ್ಲ. ಬರಗಾಲದ ಸೀಮೆಯವರಾದ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆತನೂ, ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಅವರೂ, ಇತರರೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಪೀಠವು ಸಾರಿತು. ಅದೇ ಉಸಿರಿನಲ್ಲಿ, ರೀತಿಪ್ರಕಾರ ನೋಟೀಸು ಕೊಟ್ಟು ತೆರವು ಮಾಡಬಹುದೆಂದೂ ಹೇಳಿತು. ಅಕ್ಟೋಬರ್ 31ರವರೆಗೆ, ಎಂದರೆ ಮಳೆಗಾಲ ಮುಗಿಯುವವರೆಗೆ, ತಡೆ ನೀಡಿತು. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಬದಲಿ ನಿವೇಶನ ಕೊಡತಕ್ಕದ್ದೆಂದು ವಿಧಿಸಿತು. ಹಕ್ಕನ್ನು ಒಪ್ಪಿ, ಮನೆಯನ್ನು ಉಳಿಸದ ತೀರ್ಪು ಇದೆಂದು ಕೆಲವರು ನೊಂದುಕೊಂಡರು. ಆದರೆ ಮುಂದಿನ ಎಷ್ಟೋ ಮೊಕದ್ದಮೆಗಳಲ್ಲಿ ಬಡವರ ಕೈಗೆ ಸಿಕ್ಕ ಊರುಗೋಲು ಇದೇ.

ಗಣತಿಯ ಚೀಟಿಗೆ ಇಷ್ಟು ಬೆಲೆಯಿದ್ದರೆ, ತಮ್ಮನ್ನು ತಾವೇ ಎಣಿಸಿಕೊಳ್ಳಬೇಕೆಂದು ಜನ ಅರಿತರು. 1985ರಲ್ಲಿ ಸ್ಪಾರ್ಕ್ ಸಂಸ್ಥೆಯು ಪಾದಚಾರಿ ಮಾರ್ಗವಾಸಿಗಳ ಸಮೀಕ್ಷೆ ನಡೆಸಿ, ಸುಮಾರು 6,000 ಕುಟುಂಬಗಳ ವಿವರ ಕಲೆಹಾಕಿತು. ಭಿಕ್ಷುಕರೆಂದು ನಗರ ತಿಳಿದಿದ್ದವರು ದುಡಿದುಣ್ಣುವವರೆಂಬುದು ಅಂಕಿಗಳಿಂದ ತಿಳಿಯಿತು. ಮರುವರ್ಷ ಆ ಬೀದಿಗಳ ಹೆಂಗಸರೇ ಕೂಡಿ ಮಹಿಳಾ ಮಿಲನ್ ಕಟ್ಟಿದರು. ಅವರು ಪುಡಿಗಾಸು ಕೂಡಿಟ್ಟರು. ರಸ್ತೆಯ ಮೇಲೆ ಬಟ್ಟೆಯಿಂದ ಮನೆಯ ಅಳತೆ ಹಾಸಿ, ಎಷ್ಟು ಜಾಗ ಬೇಕೆಂದು ತಾವೇ ಲೆಕ್ಕ ಹಾಕಿದರು.

ಧಾರಾವಿಯ ವಿಷಯದಲ್ಲಿ ಈ ಅರಿವು ಒರೆಗೆ ಬಂದಿತು. ಕೋಳಿ ಬೆಸ್ತರು, ಸೌರಾಷ್ಟ್ರದ ಕುಂಬಾರರು, ತಿರುನೆಲ್ವೇಲಿಯ ಚರ್ಮ ಹದಮಾಡುವವರು ತಲೆಮಾರುಗಳಿಂದ ಬಾಳಿದ ಜಾಗವದು. ಪಕ್ಕದಲ್ಲಿ ಬಾಂದ್ರಾ-ಕುರ್ಲಾ ವಾಣಿಜ್ಯ ಸಂಕೀರ್ಣ ಎದ್ದಮೇಲೆ ನೆಲದ ಬೆಲೆ ಗಗನಕ್ಕೇರಿತು. 2004ರಲ್ಲಿ ಸರ್ಕಾರ ಪುನರಭಿವೃದ್ಧಿ ಯೋಜನೆಗೆ ಒಪ್ಪಿಗೆಯಿತ್ತು, 2007ರಲ್ಲಿ ಜಾಗತಿಕ ಟೆಂಡರು ಕರೆಯಿತು. ಕುಟುಂಬಕ್ಕೆ 225 ಚದರಡಿಯ ಮನೆ, ಅದೂ ಬಹುಮಹಡಿಯಲ್ಲಿ. ಆವಿಗೆಯನ್ನು ಎಲ್ಲಿಡಬೇಕು, ಹಸಿ ಮಡಕೆಗಳನ್ನು ಎಲ್ಲಿ ಒಣಗಿಸಬೇಕು ಎಂಬ ಕುಂಬಾರರ ಪ್ರಶ್ನೆಗೆ ನಕಾಶೆಯಲ್ಲಿ ಉತ್ತರವಿರಲಿಲ್ಲ. ಜನರು ಕಪ್ಪು ಬಾವುಟ ಹಿಡಿದರು. ಮೊದಲು ಸಮೀಕ್ಷೆಯಾಗಲಿ, ನಮ್ಮನ್ನು ಕೇಳಿ ಯೋಜಿಸಲಿ ಎಂದರು. ಮನೆಯ ವಿಸ್ತೀರ್ಣ 300 ಚದರಡಿಗೆ ಏರಿತು. 2011ರಲ್ಲಿ ಆ ಟೆಂಡರೇ ರದ್ದಾಯಿತು. 2022ರಲ್ಲಿ ಮತ್ತೆ ಟೆಂಡರು ನಡೆದು ಕೆಲಸ ಖಾಸಗಿಯವರ ಪಾಲಾಗಿದೆ. 2000ದ ಜನವರಿ 1ಕ್ಕೆ ಮೊದಲಿನಿಂದ ಅಲ್ಲಿದ್ದುದನ್ನು ಕಾಗದದಿಂದ ತೋರಿಸಬಲ್ಲವರಿಗೆ ಅಲ್ಲಿಯೇ ಮನೆ. ತೋರಿಸಲಾಗದವರ ಗತಿ ಬೇರೆ.

ಜಾಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2011ರಲ್ಲಿ ಪದ್ಮಶ್ರೀಯೂ ಬಂದವು. 2018ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ನಮ್ಮ ಶಾಲೆಯ ಕಪಾಟಿನಲ್ಲಿ ಮಾಸಿದ ಹಾಳೆಗಳ ದಾಖಲಾತಿ ಪುಸ್ತಕಗಳಿವೆ. ಮುಂಬಯಿಯಿಂದ ಬಂದ ಹಳೆಯ ವಿದ್ಯಾರ್ಥಿಗಳು ಶಾಲೆ ಬಿಟ್ಟ ದಾಖಲೆಯ ನಕಲು ಕೇಳಿದಾಗ, ಗುರುಗಳು ಆ ಪುಸ್ತಕಗಳಲ್ಲಿ ಹೆಸರು ಹುಡುಕಿ ಕೊಡುತ್ತ ಬಂದಿದ್ದಾರೆ. ಜನ್ಮದಿನಾಂಕ, ತಂದೆಯ ಹೆಸರು, ಊರು ಇಷ್ಟೇ ಅದರಲ್ಲಿರುವುದು. ಪರಊರಿನಲ್ಲಿ ತಾನು ಯಾರೆಂದು ತೋರಿಸಬೇಕಾದವನಿಗೆ ಅಷ್ಟೇ ಆಧಾರ. ಈ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ, ಹಾಳೆ ಹಾಳೆಯಾಗಿ ಕಾಪಾಡುವ ಕೆಲಸವನ್ನು ಈ ಶತಮಾನೋತ್ಸವದ ವರ್ಷದಲ್ಲಿಯೇ ಕೈಗೊಳ್ಳೋಣವೆಂದು ಊರವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ವಿನಂತಿಸುತ್ತೇವೆ.