ಮೂಲಪಾಠವೂ ಯಂತ್ರಭೇದವೂ

ಹಸ್ತಪ್ರತಿಗಳ ಪರಿಷ್ಕರಣದಲ್ಲಿ ಮೂಲಪಾಠವೆಷ್ಟು, ಪ್ರತಿಕಾರನು ಸೇರಿಸಿದುದೆಷ್ಟು ಎಂಬ ವಿವೇಚನೆಯೇ ಮೊದಲನೆಯ ಕೆಲಸ. ಕಂಪ್ಯೂಟರಿನ ಚರಿತ್ರೆಯಲ್ಲಿಯೂ ಇಂತಹುದೇ ಒಂದು ಪ್ರಶ್ನೆ ಉಂಟು. ಒಮ್ಮೆ ಬರೆದ ಪ್ರೋಗ್ರಾಮು ಹಲವು ಬಗೆಯ ಪ್ರೊಸೆಸರುಗಳ ಮೇಲೆ ನಡೆಯಬೇಕಾದರೆ, ಅದರ ಸೋರ್ಸ್ ಕೋಡಿನಲ್ಲಿ, ಎಂದರೆ ಮೂಲಪಾಠದಲ್ಲಿ, ಯಾವ ಭಾಗ ಮಾರ್ಪಡತಕ್ಕದ್ದು? ಆ ಮಾರ್ಪಾಟನ್ನು ಎಲ್ಲಿ ದಾಖಲಿಸಬೇಕು? ಎಮ್ಯಾಕ್ಸ್ ಎಂಬ ಪಠ್ಯಸಂಪಾದಕದ ಉದಾಹರಣೆಯಿಂದ ಇದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಪ್ರಶ್ನೆ ಬಳ್ಳಾರಿಯ ವಿದ್ಯಾರ್ಥಿಗಳಿಗೆ ಅಪರಿಚಿತವಾಗಬೇಕಾಗಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಅಶೋಕನ ಲಘುಶಿಲಾಶಾಸನಗಳಿವೆ. ಇವುಗಳ ಒಡಲು ಬ್ರಹ್ಮಗಿರಿಯ ಶಾಸನದ ಒಡಲನ್ನೇ ಬಹುಮಟ್ಟಿಗೆ ಹೋಲುತ್ತದೆ. ಆದರೆ ಬ್ರಹ್ಮಗಿರಿಯ ಪ್ರತಿಯ ಮೊದಲಿನಲ್ಲಿ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಒಕ್ಕಣೆ ಇದೆ. ನಿಟ್ಟೂರು, ಉದೇಗೋಳಗಳ ಪ್ರತಿಗಳಲ್ಲಿ, 1915ರಲ್ಲಿ ದೊರೆತ ಮಸ್ಕಿಯ ಪ್ರತಿಯಲ್ಲಿದ್ದಂತೆ, ಅಶೋಕನೆಂಬ ಹೆಸರೇ ಬಂದಿದೆ. ಆಜ್ಞೆ ಒಂದೇ, ಸ್ಥಳಕ್ಕೆ ಹೊಂದಿದ ಅಂಶ ಬೇರೆ. ಕುರುಗೋಡಿನ ಸಿಂದರ ಕಾಲದ, 12ನೆಯ ಶತಮಾನದ, ದಾನಶಾಸನಗಳು ಸೇರಿದ ಪರಂಪರೆಯಲ್ಲಿಯೂ ಸ್ತುತಿ, ಶಾಪಾಶಯಗಳ ಚೌಕಟ್ಟು ಸ್ಥಿರ. ಊರು, ಎಲ್ಲೆ, ಭೂಮಿಯ ಅಳತೆಗೋಲು ಮಾತ್ರ ಭಿನ್ನ. ಶಾಸನವನ್ನು ಓದುವವನು ಆ ಊರಿನ ಅಳತೆಗೋಲನ್ನು ತಿಳಿಯದೆ ಹೋದರೆ ದಾನದ ಪ್ರಮಾಣವನ್ನು ತಪ್ಪಾಗಿ ತಿಳಿಯುವನು.

ಪ್ರೊಸೆಸರುಗಳಿಗೂ ಇಂತಹ ಅಳತೆಗೋಲುಗಳುಂಟು. ಒಂದು ಪ್ರೊಸೆಸರಿನ ಪದ 16 ಬಿಟ್ಟಿನದು, ಇನ್ನೊಂದರದು 32, ಮತ್ತೊಂದರದು 64. ಹಲವು ಬೈಟುಗಳ ಸಂಖ್ಯೆಯನ್ನು ನೆನಪಿನಲ್ಲಿಡುವಾಗ ವ್ಯಾಕ್ಸ್, ಇಂಟೆಲ್ 386ಗಳು ಕಿರಿಯ ಬೈಟನ್ನು ಮೊದಲು ಇಡುತ್ತವೆ. ಮೊಟೊರೊಲಾ 68000 ಹಿರಿಯ ಬೈಟನ್ನು ಮೊದಲು ಇಡುತ್ತದೆ. ರಿಚರ್ಡ್ ಸ್ಟಾಲ್ಮನ್ನರು 1984ರಲ್ಲಿ ಗ್ನೂ ಎಮ್ಯಾಕ್ಸನ್ನು ಬರೆಯತೊಡಗಿದರು. 1985ರಿಂದ ಅದು ಮೂಲಪಾಠಸಹಿತ ಹಂಚಿಕೆಯಾಯಿತು. ಅದನ್ನು ಪಡೆದವರ ಯಂತ್ರಗಳಲ್ಲಿ ಇಂತಹ ಭೇದಗಳು ಇದ್ದುವು.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಸಂಪಾದಕದ ಮುಖ್ಯ ಪಾಠದಲ್ಲಿ ಯಂತ್ರಗಳ ಹೆಸರುಗಳನ್ನು ಆದಷ್ಟು ಚದರಿಸದೆ, ಪ್ರೊಸೆಸರಿನ ಲಕ್ಷಣಗಳನ್ನು 'ಎಂ' ಅಕ್ಷರದಿಂದ ಆರಂಭವಾಗುವ ಪುಟ್ಟ ಕಡತಗಳಲ್ಲಿಯೂ, ಕಾರ್ಯಾಚರಣ ವ್ಯವಸ್ಥೆಯ ಲಕ್ಷಣಗಳನ್ನು 'ಎಸ್' ಅಕ್ಷರದಿಂದ ಆರಂಭವಾಗುವ ಕಡತಗಳಲ್ಲಿಯೂ ಬೇರ್ಪಡಿಸಿದರು. ಪದದ ಉದ್ದ, ಬೈಟುಗಳ ಕ್ರಮ, ಉಪಕ್ರಮಕ್ಕೆ ಒಪ್ಪಿಸಿದ ಮೌಲ್ಯಗಳು ನೆನಪಿನಲ್ಲಿ ಸಾಲಾಗಿ ನಿಲ್ಲುತ್ತವೆಯೇ ಇಲ್ಲವೇ ಎಂಬಂತಹ ವಿಷಯಗಳು ಅಲ್ಲಿ ನಮೂದಾಗುತ್ತಿದ್ದುವು. 18ನೆಯ ಆವೃತ್ತಿಯನ್ನು ಸ್ಥಾಪಿಸುವವನು ಮಾದರಿ ಕಡತವೊಂದನ್ನು ನಕಲು ಮಾಡಿ, ತನ್ನ ಯಂತ್ರಕ್ಕೂ ವ್ಯವಸ್ಥೆಗೂ ಸಂಬಂಧಿಸಿದ ಎರಡು ಹೆಸರುಗಳನ್ನು ಅದರಲ್ಲಿ ಬರೆದು, ಬಳಿಕ ಇಡಿಯ ಪಾಠವನ್ನು ಕಂಪೈಲ್ ಮಾಡಬೇಕಾಗಿತ್ತು.

ಯಂತ್ರದ ಅಳತೆ ಬಳಕೆದಾರನ ಬರೆಹವನ್ನೂ ತಟ್ಟುವುದೆಂಬುದಕ್ಕೆ ಅದೇ ಆವೃತ್ತಿಯಲ್ಲಿ ನಿದರ್ಶನವಿದೆ. 32 ಬಿಟ್ಟಿನ ಪದದಲ್ಲಿ 8 ಬಿಟ್ಟುಗಳು ವಸ್ತುವಿನ ಜಾತಿಯೇ ಮೊದಲಾದ ಗುರುತುಗಳಿಗೆ ಮೀಸಲಾಗಿ, ಮೌಲ್ಯಕ್ಕೆ 24 ಬಿಟ್ಟುಗಳು ಮಾತ್ರ ಉಳಿದುವು. ಅದರಲ್ಲಿ ಒಂದು ಧನಋಣ ಚಿಹ್ನೆಗೆ ಸಲ್ಲುವುದರಿಂದ ಸಂಪಾದಿಸಬಹುದಾದ ಕಡತದ ಗಾತ್ರ ಸುಮಾರು 83 ಲಕ್ಷ ಬೈಟುಗಳನ್ನು ಮೀರುವಂತಿರಲಿಲ್ಲ. 1992ರಲ್ಲಿ ಹೊರಬಂದ 64 ಬಿಟ್ಟಿನ ಆಲ್ಫಾ ಪ್ರೊಸೆಸರಿಗೆ ಮುಂದೆ ಪ್ರತ್ಯೇಕ ಕಡತವನ್ನು ಬರೆದಾಗ ಅಳತೆ ಬದಲಾಯಿತು. ಸಂಪಾದಕದ ಒಡಲನ್ನು ಹೊಸದಾಗಿ ರಚಿಸಬೇಕಾಗಲಿಲ್ಲ. 1993ರ 19ನೆಯ ಆವೃತ್ತಿಯಿಂದ ಯಂತ್ರವನ್ನು ಗುರುತಿಸುವ ಕೆಲಸವನ್ನು 'ಕಾನ್ಫಿಗರ್' ಎಂಬ ಆಜ್ಞಾಲೇಖವೇ ವಹಿಸಿಕೊಂಡಿತು. ಕಾಲಕ್ರಮದಲ್ಲಿ, ಯಂತ್ರದ ಹೆಸರನ್ನು ಕೇಳುವುದಕ್ಕಿಂತ ಅದರ ಗುಣವನ್ನು ನೇರವಾಗಿ ಪರೀಕ್ಷಿಸುವುದೇ ಲೇಸೆಂಬ ಮತ ಬಲಿತು, ಆ ಪುಟ್ಟ ಕಡತಗಳೇ ಮೂಲಪಾಠದಿಂದ ಮರೆಯಾದುವು.

ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನವೆಂದರೆ ಬೆಂಗಳೂರಿನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿದ ಈ ಅಂಗೈ ಯಂತ್ರದಲ್ಲಿದ್ದುದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರು. ಲಿನಕ್ಸ್ ವ್ಯವಸ್ಥೆಯ ಮೂಲಪಾಠ ಬಹಿರಂಗವಾಗಿದ್ದುದರಿಂದಲೇ ಇಂಟೆಲ್ ಯಂತ್ರಗಳಲ್ಲಿ ಹುಟ್ಟಿದ ಆ ವ್ಯವಸ್ಥೆಯನ್ನು ಈ ಬೇರೆ ಪ್ರೊಸೆಸರಿಗೆ ಅಳವಡಿಸಿ, ಕನ್ನಡವೇ ಮೊದಲಾದ ಭಾರತೀಯ ಭಾಷೆಗಳನ್ನು ಅದರ ಮೇಲೆ ತರುವುದು ಸಾಧ್ಯವಾಯಿತು.

ಆದರೆ ಅದೇ ಕಾಲದಲ್ಲಿ ಕನ್ನಡ ಬರೆಹ ಇದಕ್ಕೆ ವಿರುದ್ಧವಾದ ದಾರಿಯಲ್ಲಿಯೂ ನಡೆಯಿತು. 'ನುಡಿ', 'ಬರಹ' ತಂತ್ರಾಂಶಗಳು ಕನ್ನಡಿಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳನ್ನು ಆಧರಿಸಿದ ಕಡತಗಳಲ್ಲಿ ಶೇಖರವಾಗುತ್ತಿದ್ದುದು ಕನ್ನಡದ ವರ್ಣವಲ್ಲ, ಅಕ್ಷರರೂಪದ ತುಂಡುಗಳಿಗೆ ಕೊಟ್ಟ ಸಂಖ್ಯೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸಂಖ್ಯಾಸ್ಥಾನಗಳು ದೊರೆತಿದ್ದರೂ, ನಮ್ಮ ಕಚೇರಿಗಳ, ಮುದ್ರಣಾಲಯಗಳ ಬಳಕೆ ಬಹುಕಾಲ ಹಳೆಯ ಜಾಡನ್ನೇ ಹಿಡಿದಿತ್ತು. ಎಮ್ಯಾಕ್ಸಿನಲ್ಲಿ ಯಂತ್ರದ ಅಂಶ ಪಾಠದಿಂದ ಹೊರಗುಳಿಯಿತು. ನಮ್ಮ ಕಡತಗಳಲ್ಲಿ ಉಪಕರಣದ ಅಂಶವೇ ಪಾಠವಾಗಿ ನಿಂತಿತು.

ಇದು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ ವಿಚಾರವಲ್ಲ. ಸಿರುಗುಪ್ಪ, ಕುರುಗೋಡು ಸೀಮೆಯ ಶಾಸನಪಾಠಗಳನ್ನು ಇಂದು ಸಂಗ್ರಹಿಸುವ ವಿದ್ಯಾರ್ಥಿ ಅವುಗಳನ್ನು ಹಳೆಯ ಫಾಂಟಿನ ಸಂಖ್ಯೆಗಳಲ್ಲಿ ಬಿಟ್ಟುಹೋದರೆ, ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿದ ಪಾಠ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷವೂ ಬಾಳಲಾರದು. ಪಾಠವನ್ನು ಯೂನಿಕೋಡಿನಲ್ಲಿ ಬರೆಯುವುದು, ಫಾಂಟು, ಪುಟವಿನ್ಯಾಸಗಳ ವಿವರವನ್ನು ಬೇರೆಯಾಗಿಡುವುದು, ಹಳೆಯ ಕಡತವನ್ನು ಪರಿವರ್ತಿಸಿದಲ್ಲಿ ಶಾಸನದ ಛಾಯಾಪ್ರತಿಯೊಡನೆ ಅಕ್ಷರಕ್ಷರವಾಗಿ ತಾಳೆನೋಡುವುದು, ಇವು ಇನ್ನು ಮುಂದೆ ಗ್ರಂಥಸಂಪಾದನೆಯ ಅಂಗಗಳೇ ಎಂದು ನಾವು ಭಾವಿಸುತ್ತೇವೆ. ಯಂತ್ರಕ್ಕೆ ಸಲ್ಲುವುದನ್ನು ಯಂತ್ರಕ್ಕೆ ಬಿಟ್ಟು, ಪಾಠಕ್ಕೆ ಸಲ್ಲುವುದನ್ನು ಪಾಠದಲ್ಲಿಯೇ ಕಾಯ್ದುಕೊಂಡಾಗ ಮಾತ್ರ ಒಂದು ಬರೆಹ ತನ್ನ ಯಂತ್ರಕ್ಕಿಂತ ದೀರ್ಘಾಯುವಾಗಬಲ್ಲುದು.