‘ಜಗ್ ಚಂಗಾ’: ನಾವು ಅರ್ಧ ಕೇಳಿ ಬಿಟ್ಟ ಆಲ್ಬಂ

ರಘು ದೀಕ್ಷಿತ್ ಪ್ರಾಜೆಕ್ಟ್ ಅಂದಕೂಡಲೇ ನನ್ನ ವಾರಿಗೆಯವರ ಬಾಯಿಗೆ ಬರೋದು 2008ರ ‘ಅಂತರಾಗ್ನಿ’. ಅದರ ಬೆನ್ನಿಗೇ ಅದೇ ವರ್ಷದ ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡು. 2013ರ ನವೆಂಬರ್‌ನಲ್ಲಿ ಬಂದ ಎರಡನೇ ಆಲ್ಬಂ ‘ಜಗ್ ಚಂಗಾ’ ಬಗ್ಗೆ ಕೇಳಿ ನೋಡಿ. “ಹಾಂ, ಅದೂ ಚಲೋನ ಇತ್ತು” ಅಂತ ಮಾತು ಮುಗಿಸಿಬಿಡ್ತಾರೆ. ನನ್ನ ವಾದ ಇಷ್ಟೇ: ಈ ಬ್ಯಾಂಡಿನ ಹೆಚ್ಚು ರಾಜಕೀಯ ಎಚ್ಚರದ ಆಲ್ಬಂ ಇದು. ಅದು ಮೊದಲು ಅರ್ಥವಾಗಬೇಕಿದ್ದದ್ದು ಹುಬ್ಬಳ್ಳಿ-ಧಾರವಾಡದ ನಮಗೆ.

ಹಿನ್ನೆಲೆ

ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿತವರು, ಓದಿದ್ದು ಮೈಕ್ರೋಬಯಾಲಜಿ. ವಿಶಾಲ್-ಶೇಖರ್ ಜೋಡಿಯ ಕಂಪನಿ ಹೊರತಂದ ‘ಅಂತರಾಗ್ನಿ’ಯಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಇದ್ದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದ ವೇದಿಕೆ, 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಅಂಥ ಮೊದಲ ಆಲ್ಬಂ ಆದಮೇಲೆ ಎರಡನೆಯದಕ್ಕೆ ಅದರ ನೆರಳು ತಪ್ಪಿದ್ದಲ್ಲ.

ಆಕ್ಷೇಪ ಏನು?

ನಾನು ಕೇಳಿರೋ ದೂರು ಎರಡು. ಒಂದು, ಧ್ವನಿ ತೀರಾ ನುಣುಪಾಯ್ತು, ಮೊದಲಿನ ಒರಟು ಹೋಯ್ತು. ಇದರಲ್ಲಿ ಸ್ವಲ್ಪ ನಿಜ ಇದೆ. ಕನ್ನಡ, ಹಿಂದಿ ಹಾಡುಗಳ ನಡುವೆ ಆಲ್ಬಂ ಅಲ್ಲಲ್ಲಿ ದಿಕ್ಕು ತಪ್ಪುತ್ತೆ. ಇನ್ನೊಂದು, ಇದು ಬರೀ ಖುಷಿಯ ಸಂಗೀತ. ‘ಜಗ್ ಚಂಗಾ’ ಅಂದ್ರೆ ಜಗತ್ತು ಚೆಂದ. ಜಗತ್ತು ಹೀಗಿರುವಾಗ ಯಾವ ಧೈರ್ಯದ ಮೇಲೆ ಇಂಥ ಹೆಸರು?

ಈ ಎರಡನೇ ದೂರನ್ನು ನಾನು ಒಪ್ಪೋದಿಲ್ಲ. ಯಾಕಂದ್ರೆ ಅದೇ ಆಲ್ಬಂನಲ್ಲಿ ಷರೀಫರ ‘ಲೋಕದ ಕಾಳಜಿ’ ಇದೆ.

‘ಕಾಳಜಿ’ ಅಂದ್ರೆ ಏನು?

ದಕ್ಷಿಣದ ಕಡೆ ‘ಕಾಳಜಿ’ ಅಂದ್ರೆ ಅಕ್ಕರೆ, ಆರೈಕೆ. ನಮ್ಮಲ್ಲಿ ಆ ಅರ್ಥದ ಜೊತೆಗೆ ಚಿಂತೆ ಅನ್ನೋ ಅರ್ಥವೂ ಇದೆ. “ಕಾಳಜಿ ಮಾಡಬ್ಯಾಡ್ರೀ” ಅಂದ್ರೆ ತಲೆ ಕೆಡಿಸ್ಕೋಬೇಡಿ ಅಂತ. ಷರೀಫರ ಚೇಷ್ಟೆ ಇರೋದು ಈ ಎರಡು ಅರ್ಥಗಳ ಮಧ್ಯೆ. ಜಗತ್ತಿನ ಭಾರ ತನ್ನ ಹೆಗಲ ಮೇಲೇ ಇದೆ ಅಂತ ಹೊರಟವನನ್ನು ಅವರು ತಡೆಯೋದಿಲ್ಲ, ಹೊತ್ಕೋ ನಡಿ ಅಂತ ಛೇಡಿಸ್ತಾರೆ. ಆಮೇಲೆ ಅವನ ಆಸೆಗಳ ಪಟ್ಟಿ ಬಿಚ್ಚುತ್ತಾರೆ: ಮೇಲೆ ಮೇಲೆ ಮನೆ, ಆನೆಯ ಮೇಲೆ ಮೆರವಣಿಗೆ. ಕಡೆಗೆ ಎಲ್ಲರಿಗೂ ಅದೇ ಮಣ್ಣು.

ಇದನ್ನು ವೈರಾಗ್ಯದ ಹಾಡು ಅಂತ ಪಕ್ಕಕ್ಕಿಟ್ಟರೆ ಅರ್ಧವಷ್ಟೇ ಕೇಳಿದಂತೆ. ಆಲ್ಬಂ ಬಂದ ಹೊತ್ತು ನೆನಪಿಸಿಕೊಳ್ಳಿ. 2011ರಲ್ಲಿ ಗಣಿ ಅಕ್ರಮದ ಬಗ್ಗೆ ಲೋಕಾಯುಕ್ತ ವರದಿ ಬಂತು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಐದು ವರ್ಷದ ಒಂದೇ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು; ಕೊನೆಯವರು ನಮ್ಮ ಹುಬ್ಬಳ್ಳಿಯ ಜಗದೀಶ ಶೆಟ್ಟರ್. 2013ರ ಮೇನಲ್ಲಿ ಸರ್ಕಾರವೇ ಬದಲಾಯ್ತು. ಎಲ್ಲ ಪಕ್ಷದವರ ಭಾಷಣದಲ್ಲೂ ಲೋಕದ ಕಾಳಜಿಯೇ. ಆ ನವೆಂಬರ್‌ನಲ್ಲಿ ಈ ಹಾಡು ಕೇಳಿದವರಿಗೆ ಆನೆ ಏರಿದವರು ಯಾರು ಅಂತ ಬಿಡಿಸಿ ಹೇಳಬೇಕಿರಲಿಲ್ಲ.

‘ಜಗತ್ತು ಚೆಂದ’ ಅನ್ನೋ ಹೆಸರು, ಜಗತ್ತನ್ನು ಉದ್ಧಾರ ಮಾಡ್ತೀನಿ ಅನ್ನೋರನ್ನು ಕಿಚಾಯಿಸೋ ಹಾಡು: ಇವೆರಡೂ ಒಂದೇ ಆಲ್ಬಂನಲ್ಲಿವೆ. ಜಗತ್ತು ಕೆಟ್ಟಿಲ್ಲ, ಅದರ ಗುತ್ತಿಗೆ ಹಿಡಿದವರನ್ನು ನೋಡ್ಕೊಳ್ಳಿ. ನನಗೆ ಕೇಳಿಸೋ ಮಾತು ಅದು.

ಈಗ ಯಾಕೆ?

ಷರೀಫರ ಶಿಶುನಾಳ ಈಗ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. 1997ರ ತನಕ ಧಾರವಾಡ ಜಿಲ್ಲೆಯದೇ. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟ, ಎರಡೂ ಧರ್ಮದವರು ನಡೆದುಕೊಳ್ಳುವ ಗದ್ದುಗೆ. ಸಿ. ಅಶ್ವತ್ಥ್ ದನಿ ಮತ್ತು ನಾಗಾಭರಣರ 1990ರ ಸಿನಿಮಾ ಷರೀಫರನ್ನು ಮನೆಮನೆಗೆ ಮುಟ್ಟಿಸಿದವು. ಜೊತೆಗೇ ಅವರನ್ನು ಸೌಹಾರ್ದ ಸಮಾರಂಭದ ಫೋಟೋ ಮಾಡೋದೂ ನಮಗೆ ರೂಢಿಯಾಯ್ತು. ಹಾರ ಹಾಕು, ಭಾಷಣ ಮಾಡು, ಮುಗೀತು. ಈದ್ಗಾ ಮೈದಾನದ ಹೆಸರಲ್ಲಿ ಮೂರು ದಶಕ ಜಗಳ ಕಂಡ ಊರಿಗೆ ಆ ಫೋಟೋ ಸಾಲೋದಿಲ್ಲ, ಚುಚ್ಚಿ ಮಾತಾಡೋ ಷರೀಫರು ಬೇಕು. ‘ಜಗ್ ಚಂಗಾ’ ಅವರನ್ನು ಡ್ರಮ್ಸ್, ಗಿಟಾರಿನ ಜೊತೆ, ಕುಣಿಯೋ ಲಯದಲ್ಲಿ ವಾಪಸ್ ಕೊಡ್ತು.

ಇಯರ್‌ಫೋನ್ ಹಾಕ್ಕೊಂಡು ಒಮ್ಮೆ ಮೊದಲಿಂದ ಕೊನೆತನಕ ಕೇಳಿ. ಟೈಮಿಲ್ಲ ಅನ್ನೋರು ‘ಲೋಕದ ಕಾಳಜಿ’ ಒಂದನ್ನೇ ಕೇಳಿ, ಆಮೇಲೆ ಅವತ್ತಿನ ಯಾವುದಾದರೂ ರಾಜಕೀಯ ಭಾಷಣ ಹಾಕಿ ನೋಡಿ.