‘ಬಿನ್’ ಮುಂದಿನ ಹೆಸರು

ಹಳೇ ಮೈಸೂರು ಸೀಮೆಯ ಪಹಣಿ, ಖಾತೆ, ಕ್ರಯಪತ್ರ ಯಾವುದನ್ನೇ ತೆಗೆದು ನೋಡಿ, ಗಂಡಸಿನ ಹೆಸರಿನ ಜೊತೆ ಒಂದು ‘ಬಿನ್’ ಇರುತ್ತದೆ. ಇಂಥವರು ಬಿನ್ ಇಂಥವರು. ಹೆಂಗಸಾದರೆ ‘ಕೋಂ’. ಅರಬ್ಬಿಯ ಈ ‘ಬಿನ್’ ದಫ್ತರಗಳ ಮೂಲಕ ನಮ್ಮ ಹಳ್ಳಿಗಳಿಗೆ ಬಂದು, ಈಗ ಯಾರಿಗೂ ಪರಭಾಷೆಯ ಪದ ಅನ್ನಿಸುವುದಿಲ್ಲ. ತುಮಕೂರು ಜಿಲ್ಲೆಯ ದತ್ತು ಪತ್ರಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ನಾಲ್ಕು ವರ್ಷದಿಂದ ಅದರ ಜೊತೆಯೇ ಒಡನಾಟ. ಕಾಗದದ ಮಟ್ಟಿಗೆ ದತ್ತು ಅಂದರೆ ‘ಬಿನ್’ ಮುಂದಿನ ಹೆಸರು ಬದಲಾಗುವುದು, ಅಷ್ಟೇ.

ಕಳೆದ ವರ್ಷ ತುಮಕೂರಿನಲ್ಲಿ ಆಪ್ತಸಮಾಲೋಚಕಿಯಾಗಿರುವ ಗೆಳತಿ ಫೋನ್ ಮಾಡಿದಳು. ‘ಒಬ್ಬರು ಹಳೇ ಪತ್ರ ತಂದಿದಾರೆ ಕಣೇ. ಅಕ್ಷರ ತಿಳೀತಿಲ್ಲ. ಅವರೇ ಯಾರಾದರೂ ಓದಿ ಹೇಳಲಿ ಅಂತಿದಾರೆ. ಬರ್ತೀಯಾ?’

ಬಂದಿದ್ದವರು ಕುಣಿಗಲ್ ಕಡೆಯವರು, ವಯಸ್ಸು ಐವತ್ತು ದಾಟಿದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹಿಡಿಯುವಂಥ ವಿವರಗಳನ್ನು ಬದಲಿಸಿದ್ದೇನೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ. ‘ಇವನು ಆ ಮನೆಯ ಮಗನೇ ಅಲ್ಲ’ ಎಂದು ದಾಯಾದಿಗಳು ತಕರಾರು ಸಲ್ಲಿಸಿದ್ದಾರೆ. ಆ ರಾತ್ರಿ ಎಂಬತ್ತು ದಾಟಿದ ತಾಯಿ ಟ್ರಂಕಿನ ತಳದಿಂದ ಒಂದು ನೋಂದಾಯಿತ ದತ್ತು ಪತ್ರ ತೆಗೆದು ಮಗನ ಕೈಗಿಟ್ಟು ಒಳಗೆ ಹೋದರಂತೆ. ಎರಡು ದಿನ ಮಾತಿಲ್ಲ.

ಪತ್ರ 1974ರದ್ದು. ಗುಬ್ಬಿ ತಾಲ್ಲೂಕಿನ ಬಡ ನೆಂಟರ ಮನೆಯಿಂದ ಮೂರು ವರ್ಷದ ಗಂಡುಮಗುವನ್ನು ಪಡೆದದ್ದು. ಪತ್ರ ಬರಹಗಾರರ ಕೈಬರಹ ಒಂದಕ್ಕೊಂದು ಹೆಣೆದುಕೊಂಡಿತ್ತು. ನಾನು ಓದಿ ಹೇಳಿ, ಉತ್ಸಾಹದಲ್ಲಿ ಪಾಠವನ್ನೂ ಶುರುಮಾಡಿದೆ: 1956ರ ಹಿಂದೂ ದತ್ತಕ ಕಾಯಿದೆಯಂತೆ ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಂಡಿರಬೇಕು, ದತ್ತಹೋಮ ಕಡ್ಡಾಯವಲ್ಲ. ಪತ್ರ ನೋಂದಣಿಯಾಗಿ, ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕಿದ್ದರೆ ದತ್ತು ಸಕ್ರಮವೆಂದೇ ನ್ಯಾಯಾಲಯ ಭಾವಿಸಬೇಕು, ಅಲ್ಲವೆನ್ನುವವರು ಅದನ್ನು ಸಾಬೀತು ಮಾಡಬೇಕು. ‘ನಿಮ್ಮ ಕಡೆ ಗಟ್ಟಿ ಇದೆ ಸಾರ್’ ಅಂದೆ.

ಅವರು ಕೇಳಿಸಿಕೊಂಡು, ‘ಜಮೀನಿನ ಮಾತು ಬಿಡಿ ಮೇಡಂ. ನನ್ನ ಕೊಟ್ಟಾಗ ಹೆತ್ತವ್ವ ಅಲ್ಲಿ ಇದ್ಲಾ?’ ಎಂದರು.

ನನ್ನ ಅಧ್ಯಯನದ ಚೌಕಟ್ಟಿನಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ನಮ್ಮ ಚರಿತ್ರೆಯಲ್ಲೂ ಇಲ್ಲ ಅನ್ನಿಸುತ್ತದೆ. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನ ಹೆಸರು ಶಾಲೆ ಓದಿದವರಿಗೆಲ್ಲ ಗೊತ್ತು. 1824ರಲ್ಲಿ ಕಂಪನಿ ಆ ದತ್ತನ್ನು ಒಪ್ಪದೆ ಯುದ್ಧವೇ ಆಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರ ಜೂನ್‌ನಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ಪಡೆದರು. ಅದಕ್ಕೆ ರಾಜ್ಯ ಸಲ್ಲುತ್ತದೋ ಇಲ್ಲವೋ ಎಂದು ಕಲ್ಕತ್ತೆಯಿಂದ ಲಂಡನ್ನಿನವರೆಗೆ ವಾದ ನಡೆದು, ಒಪ್ಪಿಗೆ ಸಿಕ್ಕಿದ್ದು 1867ರಲ್ಲಿ. ಆ ಮಗುವೇ 1881ರಲ್ಲಿ ಅಧಿಕಾರ ವಹಿಸಿಕೊಂಡ ಹತ್ತನೇ ಚಾಮರಾಜ ಒಡೆಯರು. ನಾನು ಓದಿದ ಕಾಗದಗಳಲ್ಲಿ ಸಿಂಹಾಸನವಿದೆ, ವಂಶವಿದೆ, ಖಜಾನೆಯಿದೆ. ಎರಡು ವರ್ಷದ ಆ ಕೂಸು ರಾತ್ರಿ ಯಾರನ್ನು ಕೇಳಿ ಅತ್ತಿತೋ, ಅದಕ್ಕೆ ದಾಖಲೆಯಿಲ್ಲ. ಅರಮನೆಯಲ್ಲೇ ಹೀಗಾದರೆ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಕೇಳುವುದೇ ಬೇಡ.

ಕಾನೂನಿನದ್ದಂತೂ ಇನ್ನೂ ವಿಚಿತ್ರ. 1956ರ ಕಾಯಿದೆಯ 12ನೇ ಕಲಮು, ದತ್ತು ಹೋದ ದಿನದಿಂದ ಹುಟ್ಟಿದ ಮನೆಯ ಎಲ್ಲ ನಂಟೂ ಕಡಿದು ಹೋಯಿತು ಎನ್ನುತ್ತದೆ. ಅದರ ಬೆನ್ನಿಗೇ ಒಂದು ಷರತ್ತು: ಹುಟ್ಟಿದ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಈಗಲೂ ಆಗಬಾರದು. ನಂಟು ಕಡಿದಿದೆ, ರಕ್ತ ಕಡಿದಿಲ್ಲ. ಸರಿ, ತಾನು ದತ್ತು ಬಂದವನೆಂದೇ ತಿಳಿಯದವನು ಈ ಷರತ್ತನ್ನು ಪಾಲಿಸುವುದು ಹೇಗೆ? ಮಗುವಿಗೆ ವಿಷಯ ತಿಳಿಸಬೇಕೆಂದು ಆ ಕಾಯಿದೆಯಲ್ಲಿ ಎಲ್ಲೂ ಇಲ್ಲ.

ಬೆಳೆದ ಮಗುವಿನ ಪ್ರಶ್ನೆ ಕಾನೂನಿನ ಕಿವಿಗೆ ಬಿದ್ದದ್ದು ತಡವಾಗಿ. 1984ರ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿದೇಶಕ್ಕೆ ದತ್ತು ಹೋಗುವ ಮಕ್ಕಳ ಬಗ್ಗೆ ಹೇಳುತ್ತಾ, ಮಗು ಪ್ರೌಢವಾದ ಮೇಲೆ ಹೆತ್ತವರ ಬಗ್ಗೆ ತಿಳಿಯಬಯಸಿದರೆ ತಿಳಿಸಲು ದೊಡ್ಡ ಅಭ್ಯಂತರವಿಲ್ಲ ಎಂದಿತು. ಆದರೆ ತಿಳಿಸುವುದು ಬಿಡುವುದು ಸಾಕಿದವರ ವಿವೇಚನೆ. ಈಗಿನ ದತ್ತು ನಿಯಮಾವಳಿಯಲ್ಲಿ ‘ಮೂಲ ಹುಡುಕಾಟ’ಕ್ಕೆ ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು. ಹೆತ್ತವರ ಗೋಪ್ಯತೆಯನ್ನೂ ಕಾಯಬೇಕು. ಎರಡೂ ನ್ಯಾಯವೇ, ಎರಡೂ ಒಂದಕ್ಕೊಂದು ತಾಗುತ್ತವೆ. ಆದರೆ ಆ ವ್ಯವಸ್ಥೆ ಇರುವುದು ದತ್ತು ಸಂಸ್ಥೆಗಳ ಮೂಲಕ ಹೋದ ಮಕ್ಕಳಿಗೆ. ನೆಂಟರ ಮನೆಯಿಂದ ನೆಂಟರ ಮನೆಗೆ ಹೋದ ನಮ್ಮ ಕುಣಿಗಲ್ಲಿನವರಿಗೆ ಸಂಸ್ಥೆಯೂ ಇಲ್ಲ, ಕಡತವೂ ಇಲ್ಲ. ಅವರದ್ದು ಊರಿಗೆಲ್ಲ ಗೊತ್ತಿದ್ದು ಅವರೊಬ್ಬರಿಗೇ ಗೊತ್ತಿಲ್ಲದ ಗುಟ್ಟು.

ಮಧ್ಯೆ ಅವರೇ ಒಂದು ಮಾತು ಹೇಳಿ ನಕ್ಕರು: ‘ನಮ್ಮ ಕುಣಿಗಲ್ ಫಾರಮ್ಮಿನ ಕುದುರೆಗೆ ಅಪ್ಪ, ಅವ್ವ, ಅಜ್ಜಿ ಎಲ್ಲಾ ಬರೆದಿಟ್ಟಿರ್ತಾರೆ.’ ಸುಳ್ಳಲ್ಲ. ರೇಸ್ ಕುದುರೆಯ ಬೆಲೆ ನಿಂತಿರುವುದೇ ವಂಶಾವಳಿಯ ಮೇಲೆ. ಅದರಲ್ಲೂ ತಾಯಿಯ ಹೆಸರು ತಪ್ಪದೆ ಇರುತ್ತದೆ. ನಮ್ಮ ‘ಬಿನ್’ನಲ್ಲಿ ತಾಯಿಗೆ ಜಾಗವಿಲ್ಲ.

ಆದರೆ ಪತ್ರದ ಕೊನೆಯಲ್ಲಿ ಆಕೆ ಇದ್ದಳು. ದತ್ತು ಕೊಡಲು ತಂದೆಗೆ ತಾಯಿಯ ಒಪ್ಪಿಗೆ ಬೇಕೆಂದು ಕಾಯಿದೆ ಹೇಳುವುದರಿಂದ, ಗಂಡನ ಸಹಿಯ ಕೆಳಗೆ ‘ಒಪ್ಪಿರುತ್ತೇನೆ’ ಎಂಬ ಒಂದು ಸಾಲು, ಎಡಗೈ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಬರಹಗಾರರೇ ಬರೆದ ಹೆಸರು. ಇದಕ್ಕೆ ಮುಂಚೆ ಇಂಥ ಎಷ್ಟೋ ಹೆಬ್ಬೆಟ್ಟುಗಳನ್ನು ನೋಡಿ ‘ತಾಯಿಯ ಸಮ್ಮತಿ: ಇದೆ’ ಎಂದು ಕೋಷ್ಟಕದಲ್ಲಿ ಗುರುತು ಹಾಕಿ ಪುಟ ತಿರುಗಿಸಿದ್ದೇನೆ. ಈ ಸಲ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು.

‘ಹಂಗಾದ್ರೆ ಒಪ್ಕೊಂಡೇ ಕೊಟ್ಲು.’

ಏನು ಹೇಳುವುದು? ‘ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ್ದಾರೆ ಅನ್ನೋದಷ್ಟೇ ಇದರಿಂದ ಗೊತ್ತಾಗುತ್ತೆ ಸಾರ್. ಮನಸ್ಸಿನಲ್ಲಿ ಏನಿತ್ತು ಅಂತ ಪತ್ರ ಹೇಳಲ್ಲ’ ಎಂದೆ. ಗೆಳತಿ ನನ್ನತ್ತ ನೋಡಿ, ಸಾಕು ಎನ್ನುವಂತೆ ಕಣ್ಣು ಮಾಡಿದಳು. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಸಮಾಲೋಚನೆ ಅಂದರೆ ಬುದ್ಧಿ ಹೇಳುವುದು ಎಂದುಕೊಂಡಿದ್ದ ನನಗೆ ಆ ಸುಮ್ಮನಿರುವಿಕೆಯೇ ಕಷ್ಟವಾಯಿತು.

ಅವರಿಗೆ ಗುಬ್ಬಿಯಲ್ಲಿ ಒಬ್ಬ ಅಕ್ಕ ಇದ್ದಾರೆಂದು ಈಗ ತಿಳಿದಿದೆ. ತುಮಕೂರಿನಿಂದ ಬಸ್ಸಿಗೆ ಒಂದು ಗಂಟೆಯ ದಾರಿಯೂ ಅಲ್ಲ. ಹೋಗಿಲ್ಲ. ಹೋದರೆ ಮನೆಯಲ್ಲಿರುವ ಅಮ್ಮ ಏನೆಂದುಕೊಂಡಾರು ಎಂಬ ಅಳುಕು. ಗೆಳತಿಯ ಅನುಭವದಲ್ಲಿ, ಅವಳ ಬಳಿ ಬರುವ ಇಂಥವರಲ್ಲಿ ಹೆಚ್ಚಿನವರನ್ನು ಹಿಡಿದು ನಿಲ್ಲಿಸುವುದು ಇದೇ: ಮೂಲ ಹುಡುಕಿದರೆ ಸಾಕಿದವರಿಗೆ ದ್ರೋಹವಾದೀತೇನೋ ಎಂಬ ಭಯ. ಮಕ್ಕಳು ಕೇಳಲು ಹೆದರುತ್ತಾರೆ, ತಾಯಂದಿರು ಹೇಳಲು ಹೆದರುತ್ತಾರೆ.

ಎದ್ದು ಹೊರಡುವಾಗ ಪತ್ರವನ್ನು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ, ‘ಮುಂದಿನ ಸಲ ಅಮ್ಮನ್ನೂ ಕರ್ಕೊಂಡು ಬರ್ಲಾ?’ ಎಂದು ಗೆಳತಿಯನ್ನು ಕೇಳಿದರು.

‘ಅವರನ್ನೇ ಕೇಳಿ ನೋಡಿ. ಬರ್ತೀನಿ ಅಂದ್ರೆ ಕರ್ಕೊಂಡು ಬನ್ನಿ’ ಎಂದಳು.